ತೂತು ಅಗ್ಗವಾದ ಮೇಲೆ

ಮಿನ್ನೆಸೋಟದಲ್ಲಿ ಡಿಸೆಂಬರ್ ಕಾಲಿಟ್ಟಿತೆಂದರೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: "ಈ ಡ್ರಿಲ್ ಬೈರಿಗೆ ತಿರುಗಿಸುತ್ತಾ?" ಕೇಳುವವರಲ್ಲಿ ಬಡಗಿಗಳು ಕಡಿಮೆ. ಹೆಪ್ಪುಗಟ್ಟಿದ ಸರೋವರದ ಮೇಲೆ ನಿಂತು, ಮಂಜುಗಡ್ಡೆಗೆ ತೂತು ಕೊರೆದು, ಅದರೊಳಗೆ ಗಾಳ ಇಳಿಬಿಟ್ಟು ಮೀನು ಹಿಡಿಯುವವರೇ ಹೆಚ್ಚು. ಅವರು ಹೇಳುವ ಬೈರಿಗೆ ಎಂದರೆ ಸೊಂಟದೆತ್ತರದ ಸುರುಳಿ ಕಂಬ, ಅದರ ತುದಿಯಲ್ಲಿ ಎರಡು ಅಲಗು. ಗೋಡೆಗೆ ಮೊಳೆ ಕೂರಿಸಲು ಮನೆಯಲ್ಲಿಟ್ಟುಕೊಂಡ ಕಾರ್ಡ್‌ಲೆಸ್ ಡ್ರಿಲ್ಲಿಗೆ ಅದನ್ನು ಸಿಕ್ಕಿಸಿ ಸರೋವರಕ್ಕೆ ಹೊರಡುವುದು ಇಲ್ಲಿ ಈಗ ಮಾಮೂಲು. ಈ ವಾರದ ಬರಹ ಅದರ ಬಗ್ಗೆ. ನನ್ನ ಮಟ್ಟಿಗೆ ಹಿಮದ ಮೇಲಿನ ಗಾಳಗಾರಿಕೆಯಲ್ಲಿ ಇತ್ತೀಚೆಗೆ ಆದ ಅತಿ ದೊಡ್ಡ ಬದಲಾವಣೆ ಇದು.

ಹತ್ತು ಎಕರೆಗಿಂತ ದೊಡ್ಡ ಸರೋವರಗಳೇ ಈ ರಾಜ್ಯದಲ್ಲಿ 11,842 ಇವೆ. ಚಳಿಗಾಲದಲ್ಲಿ ಬಹುಪಾಲು ಗಟ್ಟಿಯಾಗಿ ನಿಲ್ಲುತ್ತವೆ. ಮೊದಲೆಲ್ಲ ಕೊರೆಯಲು ಎರಡು ದಾರಿ ಇದ್ದವು. ಒಂದು, ಸ್ವೀಡನ್ನಿನ ಮೋರಾ ಮಾದರಿಯ ಕೈಬೈರಿಗೆ. ಮೇಲಿನ ಹಿಡಿಯನ್ನು ಒಂದು ಕೈಯಲ್ಲಿ ಅದುಮಿ, ನಡುವಿನ ಬಾಗಿದ ಹಿಡಿಯನ್ನು ಇನ್ನೊಂದು ಕೈಯಲ್ಲಿ ಸುತ್ತಬೇಕು. ಸದ್ದಿಲ್ಲ, ಹಗುರ, ಕೆಡುವುದಕ್ಕೆ ಏನೂ ಇಲ್ಲ. ಆದರೆ ಜನವರಿಯ ಒಂದೂವರೆ ಅಡಿ ಮಂಜುಗಡ್ಡೆಗೆ ನಾಲ್ಕನೆಯ ತೂತು ಕೊರೆಯುವ ಹೊತ್ತಿಗೆ ಭುಜ ಸೋತಿರುತ್ತದೆ. ಇನ್ನೊಂದು, ಪೆಟ್ರೋಲ್ ಎಂಜಿನ್ ಕೂರಿಸಿದ ಬೈರಿಗೆ. ಶಕ್ತಿಗೆ ಕೊರತೆಯಿಲ್ಲ. ಆದರೆ ತೂಕ ಹದಿಮೂರು ಹದಿನಾಲ್ಕು ಕಿಲೋ, ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ಹಗ್ಗ ಎಳೆದೆಳೆದು ಎಬ್ಬಿಸಬೇಕು, ಗುಡಾರದೊಳಗೆ ಓಡಿಸಿದರೆ ಹೊಗೆಯ ವಿಷ. ಬ್ಯಾಟರಿ ಡ್ರಿಲ್ ಮತ್ತು ಅದಕ್ಕೆಂದೇ ಮಾಡಿದ ಹಗುರ ಬೈರಿಗೆ, ಎರಡೂ ಸೇರಿ ಐದು ಕಿಲೋ ಆಸುಪಾಸು. ಒಂದು ಕೈಯಲ್ಲಿ ಹಿಡಿದು ನಡೆಯಬಹುದು.

ಈ ತೂಕದ ಲೆಕ್ಕಕ್ಕೇ ನಾನು ಒತ್ತು ಕೊಡುತ್ತೇನೆ. ತೂತು ಕೊರೆಯುವುದು ಕಷ್ಟವಾಗಿದ್ದಾಗ ಮನುಷ್ಯ ತಾನು ಕೊರೆದ ತೂತಿಗೆ ಅಂಟಿಕೊಂಡು ಕೂರುತ್ತಿದ್ದ. ಇಷ್ಟು ಬೆವರು ಸುರಿಸಿದ್ದೇನೆ, ಇಲ್ಲೇ ಕಚ್ಚಲಿ ಎಂಬ ಹಟ. ಮೀನಿಗೆ ಆ ಹಟದ ಹಂಗಿಲ್ಲ. ಹಿಮದಡಿಯಲ್ಲೂ ಮೀನು ಜಾಗ ಬದಲಿಸುತ್ತದೆ: ಪರ್ಚ್ ಹಿಂಡು ತಳದ ಕೆಸರಿನ ಮೇಲೆ ಮೇಯುತ್ತಾ ಸರಿಯುತ್ತದೆ, ಕ್ರ್ಯಾಪಿ ಆಳದ ನೀರಿನ ನಡುಮಟ್ಟದಲ್ಲಿ ತೇಲಿ ನಿಲ್ಲುತ್ತದೆ, ವಾಲೈ ಸಂಜೆಗತ್ತಲಿಗೆ ಆಳದಿಂದ ದಿಬ್ಬದ ಅಂಚಿಗೆ ಬರುತ್ತದೆ. ಅದು ಬರಲೆಂದು ಕಾಯುವ ಬದಲು ಅದು ಇರುವಲ್ಲಿಗೆ ನಾವೇ ಹೋಗಬೇಕು. ಆಧುನಿಕ ಹಿಮಗಾಳದ ಹಿರಿಯನೆಂದು ಹೆಸರಾದ ಮಿನ್ನೆಸೋಟದ ಡೇವ್ ಗೆಂಜ್ ಬಹಳ ಹಿಂದಿನಿಂದ ಹೇಳುತ್ತ ಬಂದದ್ದು ಇದನ್ನೇ. ಎಳೆದೊಯ್ಯುವ ಗುಡಾರ, ತೂತಿನಿಂದ ತೂತಿಗೆ ಎತ್ತಿಕೊಂಡು ಓಡುವ ಸೋನಾರ್, ಎಲ್ಲವೂ ಆ ಅಲೆದಾಟಕ್ಕೆ ಹೊಂದಿಕೊಂಡು ಬಂದವು. ಬೈರಿಗೆಯೊಂದು ಹಿಂದೆ ಬಿದ್ದಿತ್ತು. ಡ್ರಿಲ್ ಆ ಕೊರತೆ ತುಂಬಿತು. ಈಗ ಒಂದು ತೂತನ್ನು ಬಿಟ್ಟು ಏಳುವುದಕ್ಕೆ ಮನಸ್ಸು ಹಿಂಜರಿಯುವುದಿಲ್ಲ. ಆಳದ ಅಂಚಿನುದ್ದಕ್ಕೂ ಹತ್ತು ತೂತು ಸಾಲಾಗಿ ಕೊರೆದು, ಒಂದೊಂದರಲ್ಲೂ ಸೋನಾರ್ ಇಳಿಸಿ ನೋಡಿ, ಮೀನಿನ ಗೆರೆ ಕಂಡಲ್ಲಿ ಮಾತ್ರ ಗಾಳ ಬಿಟ್ಟರಾಯಿತು.

ಇಷ್ಟು ಸಣ್ಣ ಬ್ಯಾಟರಿ ಇಷ್ಟು ಕೆಲಸ ಹೇಗೆ ಮಾಡುತ್ತದೆ ಎಂಬ ಅನುಮಾನ ಸಹಜ. ಲೆಕ್ಕ ಹಾಕಿ ನೋಡಿ. ಎಂಟು ಇಂಚು ಅಗಲದ ತೂತನ್ನು ಐವತ್ತು ಸೆಂಟಿಮೀಟರ್ ದಪ್ಪದ ಮಂಜುಗಡ್ಡೆಯಲ್ಲಿ ಕೊರೆದರೆ ಹೊರಬರುವ ಮಂಜು ಸುಮಾರು 15 ಕಿಲೋ. ಅಷ್ಟನ್ನು ಕರಗಿಸಲು ಹೊರಟರೆ 1.4 ಯೂನಿಟ್ ವಿದ್ಯುತ್ ಬೇಕು. 18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯೊಂದರಲ್ಲಿ ಇರುವುದು 90 ವಾಟ್-ಅವರ್, ಅಂದರೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಕರಗಿಸುವುದಾದರೆ ಒಂದೇ ತೂತಿಗೆ ಹದಿನೈದು ಬ್ಯಾಟರಿ ಬೇಕಾಗುತ್ತಿತ್ತು. ಆದರೆ ಅಲಗು ಕರಗಿಸುವುದಿಲ್ಲ, ಸೀಳುತ್ತದೆ. ಮಂಜುಗಡ್ಡೆ ಬಿರುಸಾದ ವಸ್ತು, ಚೂಪಾದ ಅಂಚು ತಾಗಿದರೆ ಚಕ್ಕೆಯಾಗಿ ಏಳುತ್ತದೆ. ಹಾಗಾಗಿ ಅದೇ ಒಂದು ಬ್ಯಾಟರಿ ತೂತಿನ ಮೇಲೆ ತೂತು ಕೊರೆಯುತ್ತಾ ಹೋಗುತ್ತದೆ. ಇದೇ ಕಾರಣಕ್ಕೆ ಮೊಂಡು ಅಲಗಿನ ಮುಂದೆ ಎಂಥ ಡ್ರಿಲ್ಲಾದರೂ ಸೋಲುತ್ತದೆ. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಅಲಗಿಗೆ ಮಾಡಿ.

ತೂತಿನ ಅಗಲದ ವಿಚಾರದಲ್ಲಿ ನನ್ನ ನಿಲುವು ಗಟ್ಟಿ: ಡ್ರಿಲ್ಲಿಗೆ ಆರು ಇಂಚು ಸಾಕು. ಹಾಸನದ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದ ಗೆಳೆಯರೊಬ್ಬರನ್ನು ಮೊದಲ ಸಲ ಕರೆದೊಯ್ದಾಗ ಅವರು ಬಗ್ಗಿ ನೋಡಿ, "ಏನ್ ಸಾರ್, ಇಷ್ಟೇ ಇಷ್ಟು ತೂತಲ್ಲಿ ಮೀನು ಮೇಲೆ ಬರುತ್ತಾ?" ಎಂದು ಕೇಳಿದರು. ಊರ ಕೆರೆಯ ಏರಿ ಮೇಲೆ ಗಾಳ ಹಾಕಿ ಬೆಳೆದವರ ನ್ಯಾಯವಾದ ಪ್ರಶ್ನೆ ಅದು. ಬರುತ್ತದೆ. ಬ್ಲೂಗಿಲ್, ಕ್ರ್ಯಾಪಿ, ಪರ್ಚ್ ಯಾವುದಕ್ಕೂ ಆರು ಇಂಚು ಧಾರಾಳ. ತಲೆ ತೂತಿನ ಬಾಯಿಗೆ ತಿರುಗಿತೆಂದರೆ ಮಧ್ಯಮ ಗಾತ್ರದ ವಾಲೈ ಕೂಡ ಸಲೀಸಾಗಿ ಮೇಲೇಳುತ್ತದೆ. ಎಂಟಕ್ಕೆ ಹೋದರೆ ಎರಡೇ ಇಂಚು ಹೆಚ್ಚಾಯಿತೆಂದು ಕಾಣಬಹುದು, ಆದರೆ ಕೊರೆಯಬೇಕಾದ ಮಂಜು ಮುಕ್ಕಾಲು ಪಾಲಿಗಿಂತಲೂ ಹೆಚ್ಚಾಗುತ್ತದೆ: ಅದೇ ಐವತ್ತು ಸೆಂಟಿಮೀಟರ್ ದಪ್ಪಕ್ಕೆ ಎಂಟೂವರೆ ಕಿಲೋ ಇದ್ದದ್ದು ಹದಿನೈದಾಗುತ್ತದೆ. ಬ್ಯಾಟರಿಯೂ ಕೈಯೂ ಅಷ್ಟು ಬೇಗ ದಣಿಯುತ್ತವೆ. ದೊಡ್ಡ ವಾಲೈ, ಉದ್ದನೆಯ ಪೈಕ್ ಇರುವ ನೀರಿಗೆ ಎಂಟು ಇಂಚು ಒಯ್ಯಿರಿ. ಹತ್ತು ಇಂಚನ್ನು ಡ್ರಿಲ್ಲಿಗೆ ಕಟ್ಟಬೇಡಿ.

ಎಲ್ಲ ಡ್ರಿಲ್ಲೂ ಈ ಕೆಲಸಕ್ಕೆ ಬರುವುದಿಲ್ಲ. ಬ್ಲ್ಯಾಕ್ ಅಂಡ್ ಡೆಕರ್ ಮೊದಲ ಕಾರ್ಡ್‌ಲೆಸ್ ಡ್ರಿಲ್ ತಂದದ್ದು 1961ರಲ್ಲಿ. ನಿಕಲ್-ಕ್ಯಾಡ್ಮಿಯಂ ಕಾಲದ ಅಂಥ ಡ್ರಿಲ್ಲುಗಳಿಗೆ ಮಂಜುಗಡ್ಡೆ ಕೊರೆಯುವ ದಮ್ಮು ಇರಲಿಲ್ಲ. 2005ರಲ್ಲಿ ಮಿಲ್ವಾಕಿ ಕಂಪನಿ ಲಿಥಿಯಂ ಬ್ಯಾಟರಿಯ ಉಪಕರಣಗಳನ್ನು ತಂದಿತು. ಆಮೇಲೆ ಬ್ರಶ್‌ಲೆಸ್ ಮೋಟರ್ ಬಂತು. ಈ ಎರಡೂ ಸೇರಿದ ಮೇಲೆಯೇ ದಾರಿ ತೆರೆದದ್ದು. ಇಂದು ಕೊಳ್ಳುವವರು ಅರ್ಧ ಇಂಚಿನ ಲೋಹದ ಚಕ್, ಬ್ರಶ್‌ಲೆಸ್ ಮೋಟರ್, ಪಕ್ಕದ ಹಿಡಿ, ಈ ಮೂರನ್ನೂ ಕೇಳಿ ಪಡೆಯಬೇಕು. 18 ವೋಲ್ಟ್ ಒಳ್ಳೆಯದೋ 20 ವೋಲ್ಟೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎರಡರಲ್ಲೂ ಐದು ಕೋಶಗಳ ಸಾಲೇ ಇರುವುದು; ಪೂರ್ತಿ ತುಂಬಿದಾಗಿನ ಅಂಕಿಯನ್ನು ಒಬ್ಬರು ಬರೆಯುತ್ತಾರೆ, ಕೆಲಸದ ಹೊತ್ತಿನ ಅಂಕಿಯನ್ನು ಇನ್ನೊಬ್ಬರು.

ಆ ಪಕ್ಕದ ಹಿಡಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಡಬ್ಬದಲ್ಲೇ ಉಳಿದುಹೋಗುವ ಆ ತುಂಡನ್ನು ಹಾಕದೆ ಹಿಮದ ಮೇಲೆ ಡ್ರಿಲ್ ಎತ್ತಬೇಡಿ. ಒಳ್ಳೆಯ ಡ್ರಿಲ್ಲಿನ ಟಾರ್ಕ್ 1,200 ಇಂಚು-ಪೌಂಡ್ ಮುಟ್ಟುತ್ತದೆ, ಅಂದರೆ 135 ನ್ಯೂಟನ್-ಮೀಟರ್. ಬೈರಿಗೆ ಒಮ್ಮೆಲೇ ಕಚ್ಚಿಕೊಂಡು ನಿಂತರೆ ಅಷ್ಟೂ ಬಲ ಡ್ರಿಲ್ಲಿನ ಮೈಯನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಹಿಡಿ ಒಂದು ಅಡಿ ದೂರದಲ್ಲಿದ್ದರೂ ತಡೆಯಲು ಸುಮಾರು 45 ಕಿಲೋ ತೂಕದಷ್ಟು ಒತ್ತು ಬೇಕು; ಹಿಡಿ ಇಲ್ಲದಿದ್ದರೆ ಅದೆಲ್ಲ ಮಣಿಕಟ್ಟಿನ ಮೇಲೆ. ಕಾಲಡಿಯಲ್ಲಿ ಜಾರುವ ಮಂಜು ಬೇರೆ. ಜೆಮಿನಿ ಯೋಜನೆಯ ಗಗನಯಾತ್ರಿಗಳಿಗೆ ಬೋಲ್ಟ್ ತಿರುಗಿಸುವ ಉಪಕರಣ ಬೇಕಾದಾಗ ಬ್ಲ್ಯಾಕ್ ಅಂಡ್ ಡೆಕರ್ ಬಿಡಿಸಬೇಕಾದ ಒಗಟು ಕೂಡ ಇದೇ ಆಗಿತ್ತು: ಬೋಲ್ಟ್ ತಿರುಗಬೇಕು, ಹಿಡಿದ ಮನುಷ್ಯ ತಿರುಗಬಾರದು. ನಮ್ಮ ಪರಿಹಾರ ಅದಕ್ಕಿಂತ ಸರಳ. ಕಾಲು ಅಗಲಿಸಿ ನಿಲ್ಲಿ, ಬೂಟಿಗೆ ಮೊಳೆಪಟ್ಟಿ ಕಟ್ಟಿ, ಎಡಗೈಯಲ್ಲಿ ಪಕ್ಕದ ಹಿಡಿಯನ್ನು ಬಿಗಿಹಿಡಿಯಿರಿ. ಗೇರ್ ಒಂದರಲ್ಲೇ ಇಡಿ, ಸುತ್ತಿಗೆಯ ಗುರುತಿನ ಮೋಡ್ ಕಡೆಗೆ ಹೋಗಲೇಬೇಡಿ. ಮಣಿಕಟ್ಟು ಮೊದಲೇ ನೋಯುವವರು ಡ್ರಿಲ್ಲನ್ನು ಎರಡು ಹಿಡಿಯ ಚೌಕಟ್ಟಿನಲ್ಲಿ ಕೂರಿಸುವ ಕ್ಲ್ಯಾಮ್ ಕಂಪನಿಯ ಪ್ಲೇಟಿನಂಥದ್ದನ್ನು ಕೊಳ್ಳುವುದು ಲೇಸು.

ಕೊರೆಯುವ ಕ್ರಮ ಹೀಗೆ. ಹಿಮವನ್ನು ಕಾಲಿನಿಂದ ಸರಿಸಿ, ಬೈರಿಗೆಯ ತುದಿಯನ್ನು ಬರಿಯ ಮಂಜುಗಡ್ಡೆಯ ಮೇಲೆ ನೆಟ್ಟಗೆ ನಿಲ್ಲಿಸಿ. ಟ್ರಿಗರ್ ಮೆಲ್ಲನೆ ಒತ್ತಿ. ಅಲಗು ಮೊದಲು ಒಂದು ವೃತ್ತ ಗೀಚುತ್ತದೆ, ಆಮೇಲೆ ಕೂರುತ್ತದೆ. ಅಲಗು ಹರಿತವಾಗಿದ್ದರೆ ತೂತಿನ ಸುತ್ತ ಕಾಯಿತುರಿಯ ಹಾಗೆ ಒಣ ಬಿಳಿ ಎಳೆಗಳು ಏಳುತ್ತವೆ; ಹಿಟ್ಟಿನಂಥ ಪುಡಿ ಬಂದರೆ ಅಲಗು ಮೊಂಡಾಗಿದೆ ಎಂದೇ ತಿಳಿಯಿರಿ. ಮೇಲಿನಿಂದ ಅದುಮಬಾರದು, ಬೈರಿಗೆಯ ಸ್ವಂತ ತೂಕವೇ ಸಾಕು. ಕೊನೆಯ ಒಂದಿಂಚಿಗೆ ಸದ್ದು ಬದಲಾಗುತ್ತದೆ: ಅಲ್ಲಿಯವರೆಗಿನ ಗಡುಸು ಗೊರಗೊರ ಸಡಿಲವಾಗಿ ಟೊಳ್ಳಾಗಿ ಕೇಳುತ್ತದೆ. ಎಚ್ಚರ ಬೇಕಾದ್ದು ಆಗ. ತಳದ ತೆಳುಪದರ ಒಡೆಯುವಾಗ ಅಲಗು ಅದರ ಅಂಚಿಗೆ ಸಿಕ್ಕಿ ಝಟಕಾ ಕೊಡುತ್ತದೆ. ಟ್ರಿಗರ್ ಸ್ವಲ್ಪ ಸಡಿಲಿಸಿ, ಬೈರಿಗೆಯನ್ನು ತುಸು ಮೇಲೆತ್ತಿ ಹಿಡಿದು ದಾಟಿಸಿ. ನೀರು ಗುಳುಗುಳು ಎಂದು ಮೇಲೇರುತ್ತದೆ. ತಿರುಗುತ್ತಿರುವಾಗಲೇ ಎಳೆದುಕೊಂಡರೆ ಮಂಜಿನ ರಾಡಿಯೂ ಅದರೊಡನೆ ಹೊರಬರುತ್ತದೆ. ಉಳಿದದ್ದನ್ನು ಜಾಲರಿ ಸೌಟಿನಲ್ಲಿ ತೆಗೆಯಿರಿ.

ರಾಡಿ ತೆಗೆಯಲು ಡ್ರಿಲ್ಲನ್ನು ಹಿಮ್ಮುಖ ತಿರುಗಿಸುವವರಿದ್ದಾರೆ. ಕೈಯಿಂದ ಬಿಗಿಯುವ ಚಕ್ ಹಿಮ್ಮುಖ ತಿರುಗಿದಾಗ ಸಡಿಲವಾಗುವುದುಂಟು, ಆಗ ಬೈರಿಗೆ ಸೀದಾ ಸರೋವರದ ತಳ ಸೇರುತ್ತದೆ. ಅದಕ್ಕೇ ಬೈರಿಗೆಯ ಕತ್ತಿನಲ್ಲಿ ತೂತಿಗಿಂತ ಅಗಲದ ತಟ್ಟೆ ಇರಬೇಕು. ಹಳೆಯ ಕೈಬೈರಿಗೆಯ ಮೇಲರ್ಧ ತೆಗೆದು ಅಡಾಪ್ಟರ್ ಕೂರಿಸಿಕೊಳ್ಳುವವರು ಈ ತಟ್ಟೆ ಇರುವುದನ್ನೇ ಆರಿಸಿಕೊಳ್ಳಲಿ. ಕಂಬದ ದಪ್ಪ ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನೂ ಅಳೆದು ಕೊಳ್ಳಲಿ.

ಅಲಗಿನಲ್ಲಿ ಎರಡು ಜಾತಿ. ಹೆರೆಯುವ ಅಲಗು ಹೊಸ ಮಂಜಿನಲ್ಲಿ ಬೆಣ್ಣೆಯಷ್ಟು ನಯವಾಗಿ ಇಳಿಯುತ್ತದೆ, ಆದರೆ ನಿನ್ನೆಯ ತೂತು ಮತ್ತೆ ಹೆಪ್ಪುಗಟ್ಟಿದ್ದರೆ ಅಲ್ಲಿ ಕುಪ್ಪಳಿಸುತ್ತದೆ. ಕೆ-ಡ್ರಿಲ್ ಥರದ ಬೈರಿಗೆಗಳಲ್ಲಿರುವ ಚಕ್ಕೆ ಎಬ್ಬಿಸುವ ಅಲಗು ಸ್ವಲ್ಪ ಒರಟು. ಹಳೆ ತೂತು, ಮರಳು ಬೆರೆತ ಮಂಜು ಯಾವುದಕ್ಕೂ ಅಂಜುವುದಿಲ್ಲ. ಅಲೆದಾಡಿ ಹೊಸ ತೂತು ಕೊರೆಯುವ ನನ್ನಂಥವರಿಗೆ ಮೊದಲನೆಯದು ಪ್ರಿಯ. ಗುಡಿಸಲು ಹಾಕಿ ಒಂದೇ ಕಡೆ ವಾರವಿಡೀ ಕೂರುವವರಿಗೆ ಎರಡನೆಯದು.

ಡ್ರಿಲ್ಲಿನ ಇನ್ನೊಂದು ಉಪಯೋಗಕ್ಕೆ ಮೀನಿನ ಜೊತೆ ಸಂಬಂಧವೇ ಇಲ್ಲ, ಆದರೆ ನನಗೆ ಅದು ಎಲ್ಲಕ್ಕಿಂತ ಮುಖ್ಯ. ಚಳಿಗಾಲದ ಆರಂಭದಲ್ಲಿ ಮಂಜುಗಡ್ಡೆಯ ದಪ್ಪ ನೋಡಲು ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯೇ ಕಾರ್ಡ್‌ಲೆಸ್ ಡ್ರಿಲ್ ಮತ್ತು ಮರ ಕೊರೆಯುವ ಉದ್ದ ಬಿಟ್ ಒಯ್ಯಲು ಹೇಳುತ್ತದೆ. ಕ್ಷಣದಲ್ಲಿ ಬೆರಳ ಗಾತ್ರದ ತೂತು, ಟೇಪು ಇಳಿಸಿ ಅಳತೆ, ಮತ್ತೆ ಹತ್ತು ಹೆಜ್ಜೆ ಮುಂದೆ ಇನ್ನೊಂದು. ನಡೆದು ಹೋಗಲು ಕನಿಷ್ಠ ನಾಲ್ಕು ಇಂಚು ಹೊಸ, ತಿಳಿ ಮಂಜುಗಡ್ಡೆ ಇರಬೇಕು. ಹಿಮ ಬೆರೆತು ಬೆಳ್ಳಗಾದ ಮಂಜಿಗೆ ಅರ್ಧದಷ್ಟೇ ಶಕ್ತಿ, ಅಲ್ಲಿ ಎರಡು ಪಟ್ಟು ದಪ್ಪ ಬೇಕು. ಹಿಂದೆ ಕೈಬೈರಿಗೆಯ ಬೆವರಿಗೆ ಹೆದರಿ ದಡದ ಬಳಿ ಒಂದು ಸಲ ಅಳೆದು ಮುಂದುವರಿಯುವವರಿದ್ದರು. ಈಗ ಆ ನೆಪ ಉಳಿದಿಲ್ಲ. ಅಳತೆಯೂ ಎಲ್ಲವನ್ನೂ ಹೇಳುವುದಿಲ್ಲ ಎಂಬುದು ಬೇರೆ ಮಾತು. 2023ರ ಡಿಸೆಂಬರ್ 29ರಂದು ಅಪ್ಪರ್ ರೆಡ್ ಲೇಕ್‌ನಲ್ಲಿ ಮಂಜುಗಡ್ಡೆಯ ದೊಡ್ಡ ಹಾಸು ದಡದಿಂದ ಬಿಡಿಸಿಕೊಂಡು ತೇಲಿ, ನೂರಕ್ಕೂ ಹೆಚ್ಚು ಗಾಳಗಾರರನ್ನು ರಕ್ಷಿಸಿ ತರಬೇಕಾಯಿತು. ಆ ಚಳಿಗಾಲ ಇಲ್ಲಿಯ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಗಾಳಿ, ಹವೆ, ಊರವರ ಮಾತು ಇವನ್ನೂ ಕೇಳಿಯೇ ಹೆಜ್ಜೆಯಿಡಬೇಕು.

ಪೆಟ್ರೋಲ್ ಬೈರಿಗೆಯ ಕಾಲ ಮುಗಿಯಿತೆಂದು ನಾನು ಹೇಳುವುದಿಲ್ಲ. ಮಾರ್ಚಿನಲ್ಲಿ ಲೇಕ್ ಆಫ್ ದ ವುಡ್ಸ್‌ನ ಉತ್ತರ ತುದಿಯಲ್ಲಿ, ಕೆನಡಾದ ಸರೋವರಗಳಲ್ಲಿ ಮೂರಡಿ ಮಂಜುಗಡ್ಡೆ ಸಿಕ್ಕಾಗ, ಹತ್ತಿಂಚಿನ ತೂತು ಬೇಕಾದಾಗ ಡ್ರಿಲ್ಲಿನಿಂದ ಆಗದು. ಅಲ್ಲಿಗೆ ಎಂಜಿನ್, ಇಲ್ಲವೇ ಇದಕ್ಕೆಂದೇ ಬಂದಿರುವ 40 ವೋಲ್ಟಿನ ದೊಡ್ಡ ಬ್ಯಾಟರಿ ಬೈರಿಗೆ ಸರಿ. ಕೈಬೈರಿಗೆ ಮಾತ್ರ ನನ್ನ ಎಳೆಬಂಡಿಯಲ್ಲಿ ಸದಾ ಇರುತ್ತದೆ.

ಇನ್ನು ಬ್ಯಾಟರಿಯ ಆರೈಕೆ. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಒಳಗಿನ ತಡೆ ಹೆಚ್ಚುತ್ತದೆ, ತುಂಬಿದ್ದರೂ ಖಾಲಿಯಾದಂತೆ ನಿಂತುಬಿಡುತ್ತದೆ. ಎರಡು ಬ್ಯಾಟರಿ ಒಯ್ಯಿರಿ, ಎರಡನ್ನೂ ಜಾಕೆಟ್ಟಿನ ಒಳಜೇಬಿನಲ್ಲಿಟ್ಟು ಕೊರೆಯುವಾಗ ಮಾತ್ರ ಹೊರತೆಗೆಯಿರಿ. ಮನೆಗೆ ಬಂದ ಕೂಡಲೇ ಚಾರ್ಜರಿಗೆ ಸಿಕ್ಕಿಸಬೇಡಿ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಕೋಶಕ್ಕೆ ವಿದ್ಯುತ್ ತುಂಬಿದರೆ ಲಿಥಿಯಂ ಲೋಹವಾಗಿ ಒಳಗೇ ಪದರಗಟ್ಟುತ್ತದೆ, ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ಒಂದೆರಡು ಗಂಟೆ ಅಡುಗೆಮನೆಯ ಕಟ್ಟೆಯ ಮೇಲಿರಲಿ. ಅಷ್ಟರಲ್ಲಿ ಅಲಗಿನ ತೇವ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಕವಚ ಹಾಕಿಟ್ಟರೆ ಮುಂದಿನ ಶನಿವಾರಕ್ಕೆ ಸಾಮಾನು ಸಿದ್ಧ.