ಯಾವ ವರ್ಷದ ರೂಪಕ್ಕೆ ತರಬೇಕು?

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಕಣದ ಪಕ್ಕದ ಶೆಡ್ಡಿನಲ್ಲಿ ಅವರ ತಂದೆಯ ಕಾಲದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ನಿಂತಿದೆಯಂತೆ. ಗುಜರಿಯವರು ಕೆಜಿಗೆ ಇಷ್ಟು ಎಂದು ಕೇಳಿಕೊಂಡು ಬರುತ್ತಲೇ ಇದ್ದಾರೆ, ಕೊಡಲು ಇವರಿಗೆ ಮನಸ್ಸಿಲ್ಲ. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆಯೇ ಮಾಡಿಸಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದಾರೆ. ಗುಜರಿಯವರನ್ನು ಬರಿಗೈಲಿ ಕಳಿಸಿದ್ದಕ್ಕೆ ಅವರಿಗೊಂದು ನಮಸ್ಕಾರ. ಆದರೆ ಅವರು ಹಾಕಿಕೊಂಡಿರುವ ಗುರಿಯನ್ನು ನಾನು ಒಪ್ಪಲಾರೆ. ಅದಕ್ಕೆ ಕಾರಣವಿದೆ.

ಆ ಕಾಲದಲ್ಲಿ ಜಮ್ಶೆಡ್‌ಪುರದಿಂದ ಹೊರಡುತ್ತಿದ್ದದ್ದು ಚಾಸಿ ಮಾತ್ರ. ಉಕ್ಕಿನ ಎರಡು ಉದ್ದ ತೊಲೆ, ಅದರ ಮೇಲೆ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್ಲು, ಮುಂದೆ ಬಾನೆಟ್ಟು, ಮಡ್‌ಗಾರ್ಡು, ಸ್ಟೇರಿಂಗು. ಬಾಗಿಲಿಲ್ಲ, ಸೂರಿಲ್ಲ. ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಏರಿಸಿ, ಬರಿ ಚಾಸಿಯ ಮೇಲೆ ಕೂತು ಬಿಸಿಲು ಮಳೆಯಲ್ಲಿ ನೂರಾರು ಮೈಲಿ ಓಡಿಸಿಕೊಂಡು ಬರುತ್ತಿದ್ದ ಡ್ರೈವರುಗಳನ್ನು ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ಊರಿಗೆ ಬಂದ ಚಾಸಿಗೆ ಮೈ ಕಟ್ಟುತ್ತಿದ್ದವರು ಬಡಗಿ, ಕಮ್ಮಾರ, ಟಿಂಕರು ಮತ್ತು ಪೇಂಟರು. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಇದೇ ಕೆಲಸದಿಂದ ಹೆಸರಾದ ಊರುಗಳು. ನಮ್ಮಲ್ಲೂ ಜಿಲ್ಲೆಗೆ ನಾಲ್ಕಾರು ಬಾಡಿ ಬಿಲ್ಡರುಗಳಿದ್ದರು. ಹೊನ್ನೆ, ಮತ್ತಿ, ಸಾಗುವಾನಿ, ಯಾವುದು ಸಿಕ್ಕರೆ ಅದರಲ್ಲಿ ಕ್ಯಾಬಿನ್ನಿನ ಚೌಕಟ್ಟು ಏಳುತ್ತಿತ್ತು. ಒಬ್ಬ ಬಡಗಿಯ ಕ್ಯಾಬಿನ್ನಿನ ಹಾಗೆ ಇನ್ನೊಬ್ಬನದು ಇರುತ್ತಿರಲಿಲ್ಲ. ಕಾರ್ಖಾನೆಯ ದಿನದ ರೂಪಕ್ಕೆ ತರುತ್ತೇನೆಂದರೆ ಆ ಕ್ಯಾಬಿನ್ನನ್ನೇ ಕಿತ್ತೆಸೆಯಬೇಕಾಗುತ್ತದೆ!

ಹಾಗಾಗಿ ಹಳೆಯ ಲಾರಿಗೆ ಕೈಹಚ್ಚುವವರು ಮೊದಲು ಒಂದು ವರ್ಷವನ್ನು ಆರಿಸಿಕೊಳ್ಳಬೇಕು. ಅದು ಲಾರಿ ದುಡಿಯುತ್ತಿದ್ದ ಒಂದು ವರ್ಷವಾಗಿರಲಿ. ಮರದ ದಿಮ್ಮಿ ಹೊರುತ್ತಿದ್ದಾಗಲೋ, ಕಾಫಿ ಮೂಟೆ ಇಳಿಸಲು ಚಾರ್ಮಾಡಿಯಲ್ಲಿ ಓಡಾಡುತ್ತಿದ್ದಾಗಲೋ ಅದಕ್ಕೆ ಯಾವ ಬಣ್ಣವಿತ್ತು, ಯಾವ ದೇವರ ಹೆಸರಿತ್ತು, ಹಿಂದಿನ ಕಮಾನಿಗೆ ಎಷ್ಟು ಬ್ಲೇಡಿದ್ದವು ಎಂದು ನೋಡಿ, ಆ ಸ್ಥಿತಿಗೆ ತನ್ನಿ. ಹೆಚ್ಚು ಭಾರ ತಡೆಯಲೆಂದು ಯಾರೋ ಸೇರಿಸಿದ ಬ್ಲೇಡು, ಚಾಸಿ ಬಿರುಕು ಬಿಟ್ಟಲ್ಲಿ ರಿವೆಟ್ ಹೊಡೆದು ಕೂರಿಸಿದ ಪಟ್ಟಿ ಗಟ್ಟಿಯಾಗಿದ್ದರೆ ಅವು ಇದ್ದಲ್ಲೇ ಇರಲಿ. ತಿಕ್ಕಿ ತೀಡಿ ಅವನ್ನು ಅಳಿಸಿದ ಲಾರಿಗಳನ್ನು ರ‍್ಯಾಲಿಗಳಲ್ಲಿ ನೋಡಿದ್ದೇನೆ. ಹೊಳಪಿಗೆ ಕೊರತೆಯಿರಲಿಲ್ಲ, ಆದರೆ ಆ ಗಾಡಿ ಯಾವ ದಾರಿಯಲ್ಲಿ ಏನು ಹೊತ್ತಿತ್ತು ಎನ್ನುವುದಕ್ಕೆ ಒಂದು ಗುರುತೂ ಉಳಿದಿರಲಿಲ್ಲ.

ಮೂತಿಯ ಮೇಲಿನ ನಕ್ಷತ್ರದ ಬಗ್ಗೆಯೂ ಒಂದು ಮಾತು. ಟಾಟಾದ ಲಾರಿ ಕಂಪನಿ ಟೆಲ್ಕೊ ಮತ್ತು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಒಪ್ಪಂದ 1954ರಿಂದ 1969ರವರೆಗೆ ಇತ್ತು. ಆ ಹದಿನೈದು ವರ್ಷದ ಲಾರಿಗಳಿಗೆ ಮೂರು ಮೊನೆಯ ನಕ್ಷತ್ರ. ಆಮೇಲೆ ಅದೇ ಜಾಗದಲ್ಲಿ ಟಾಟಾದ 'ಟಿ' ಅಕ್ಷರ ಬಂತು. ಒಳಗಿನ ಗಾಡಿ ರಾತ್ರೋರಾತ್ರಿ ಬದಲಾಗಲಿಲ್ಲ. 1210 ಎಂಬ ಮಾದರಿ ಸಂಖ್ಯೆಯಲ್ಲಿ 12 ಟನ್ನಿನ ಒಟ್ಟು ತೂಕವನ್ನೂ ಸುಮಾರು 100 ಕುದುರೆಬಲವನ್ನೂ ಹೇಳುವ ಬೆಂಜ್ ಲೆಕ್ಕವೂ ಹಾಗೆಯೇ ಮುಂದುವರಿಯಿತು. ಈಗ ನಕ್ಷತ್ರಕ್ಕೆ ಬೆಲೆ ಬಂದಿರುವುದರಿಂದ 'ಟಿ' ಲಾರಿಗಳಿಗೂ ಅದನ್ನು ಅಂಟಿಸುತ್ತಿದ್ದಾರೆ. ಇದು ಮಾಡಬಾರದ ಕೆಲಸ. ನೋಂದಣಿ ಪುಸ್ತಕದಲ್ಲಿರುವ ವರ್ಷ ನೋಡಿ, ಅದಕ್ಕೆ ಸಲ್ಲುವ ಲಾಂಛನ ಹಾಕಿ. ನಕ್ಷತ್ರ ಇಲ್ಲದಿದ್ದರೆ ಆ ಲಾರಿಯ ಮರ್ಯಾದೆಯೇನೂ ಕಡಿಮೆಯಾಗದು.

ಪತ್ರ ಬರೆದವರ ಹತ್ತಿರ ಇರುವುದು ಬೆಂಜ್ ಆದ್ದರಿಂದ ಬೇರೆ ಗಾಡಿಗಳ ವಿಷಯ ಬೆಳೆಸುವುದಿಲ್ಲ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಡಾಡ್ಜ್ ಮತ್ತು ಫಾರ್ಗೊ, ಉತ್ತರಪಾರಾದ ಹಿಂದೂಸ್ಥಾನ್ ಮೋಟಾರ್ಸಿನ ಬೆಡ್‌ಫೋರ್ಡ್, ಎಣ್ಣೂರಿನ ಲೇಲ್ಯಾಂಡ್ ಕಾಮೆಟ್ ಇವೆಲ್ಲ ಒಂದೊಂದು ವಾರ ಬೇಡುವ ಗಾಡಿಗಳು.

ಈಗ ಇಂಜಿನ್. ವರ್ಷಗಟ್ಟಲೆ ನಿಂತ ಲಾರಿ ಸಿಕ್ಕಿದ ತಕ್ಷಣ ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ತಡೆದುಕೊಳ್ಳಿ. ಸಿಲಿಂಡರಿನ ಗೋಡೆಗೆ ಪಿಸ್ಟನ್ ರಿಂಗು ತುಕ್ಕಿನಿಂದ ಅಂಟಿಕೊಂಡಿದ್ದರೆ ಆ ಒಂದು ಎಳೆತಕ್ಕೆ ರಿಂಗು ಮುರಿಯುತ್ತದೆ, ಬೋರು ಗೀರಿಹೋಗುತ್ತದೆ. ನಾಝಲ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಡೀಸೆಲ್ ಬೆರೆಸಿದ ಇಂಜಿನ್ ಆಯಿಲ್ ಹಾಕಿ, ಎರಡು ಮೂರು ದಿನ ನೆನೆಯಲು ಬಿಡಿ. ಆಮೇಲೆ ಗೇರ್ ನ್ಯೂಟ್ರಲ್ಲಿಗೆ ತಂದು ಹ್ಯಾಂಡಲ್ ಹಾಕಿ ಕೈಯಿಂದಲೇ ನಿಧಾನವಾಗಿ ತಿರುಗಿಸಿ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಕೈಗೆ ತಿಳಿಯುತ್ತದೆ. ಸಲೀಸಾಗಿ ತಿರುಗಿದ ಮೇಲೂ ಸಂಪ್ ಇಳಿಸಿ ಅಡಿಯ ರಾಡಿ ತೆಗೆಯದೆ ಮುಂದಕ್ಕೆ ಹೋಗಬೇಡಿ. ಆ ರಾಡಿ ಆಯಿಲ್ ಪಂಪಿನ ಜಾಲರಿ ಮುಚ್ಚಿತೆಂದರೆ ಬೇರಿಂಗುಗಳಿಗೆ ಎಣ್ಣೆ ತಲುಪುವುದಿಲ್ಲ.

ಡೀಸೆಲ್ ಪಂಪಿನ ಮುಂದೆ ಮಾತ್ರ ನಾನು ಎಷ್ಟು ಹೊತ್ತು ಬೇಕಾದರೂ ಕೂರಬಲ್ಲೆ. ಆ ಕಾಲದ ಟಾಟಾ ಲಾರಿಗಳ ಪಂಪಿನ ಮೇಲೆ ಮೈಕೋ ಮುದ್ರೆ ಕಾಣುವುದು ಸಾಮಾನ್ಯ. 1951ರಲ್ಲಿ ಸ್ಥಾಪನೆಯಾದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ನಮ್ಮ ಬೆಂಗಳೂರಿನ ಆಡುಗೋಡಿಯ ಕಂಪನಿ ಅದು. ಪಂಪಿನೊಳಗೆ ಸಿಲಿಂಡರಿಗೊಂದರಂತೆ ಪ್ಲಂಜರ್ ಮತ್ತು ಬ್ಯಾರಲ್ ಜೋಡಿಗಳಿವೆ. ಎರಡರ ನಡುವಿನ ಸಂದು ಕೆಲವೇ ಮೈಕ್ರಾನ್. ಒಂದನ್ನೊಂದು ಉಜ್ಜಿಯೇ ಜೋಡಿ ಮಾಡಿದ್ದರಿಂದ ಒಂದರ ಪ್ಲಂಜರು ಇನ್ನೊಂದರ ಬ್ಯಾರಲ್ಲಿಗೆ ಹೋಗಕೂಡದು. ಹಳೆಯ ಟ್ಯಾಂಕಿನ ತುಕ್ಕಿನ ಒಂದು ಕಣ ಒಳಗೆ ಹೊಕ್ಕರೆ ಸಾಕು, ಆ ಜೋಡಿ ಹಾಳು. ಟ್ಯಾಂಕು ಇಳಿಸಿ ತೊಳೆದು, ಪೈಪುಗಳನ್ನು ಬದಲಿಸಿ, ಹೊಸ ಫಿಲ್ಟರ್ ಹಾಕಿ ಏರ್ ತೆಗೆಯುವ ತನಕ ಪಂಪಿಗೆ ಡೀಸೆಲ್ ತೋರಿಸಬೇಡಿ.

ಇನ್ನೊಂದು ಅಪಾಯವಿದೆ, ಇದನ್ನು ಗ್ಯಾರೇಜಿನವರೂ ಮರೆಯುತ್ತಾರೆ. ಒಣಗಿದ ಡೀಸೆಲ್ ಅಂಟಿನಂತಾಗಿ, ಇಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ಅಳೆಯುವ ಪಂಪಿನ ರ‍್ಯಾಕನ್ನು ಹಿಡಿದುಬಿಡುತ್ತದೆ. ಅದು ಪೂರ್ತಿ ಡೀಸೆಲ್ ಬಿಡುವ ಜಾಗದಲ್ಲಿ ಸಿಕ್ಕಿಕೊಂಡಿದ್ದರೆ ಇಂಜಿನ್ ಶುರುವಾದ ಕ್ಷಣದಿಂದ ವೇಗ ಏರುತ್ತಲೇ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಇಳಿಯುವುದಿಲ್ಲ. ಆ ಕಾಲದ ಹಲವು ಡೀಸೆಲ್ ಇಂಜಿನ್‌ಗಳಲ್ಲಿ, ಫಾರ್ಗೊ ಲಾರಿಗಳಿಗೆ ಕೂರಿಸುತ್ತಿದ್ದ ಪರ್ಕಿನ್ಸ್ ಪಿ6ನಲ್ಲೂ, ಗಾಳಿಯ ಎಳೆತದಿಂದ ನಡೆಯುವ ಗವರ್ನರ್ ಇತ್ತು. ಅದರೊಳಗಿನ ಚರ್ಮದ ಪರದೆ ಒಣಗಿ ಹಪ್ಪಳದಂತೆ ಬಿರುಕು ಬಿಟ್ಟರೂ ಆಗುವುದು ಇದೇ: ಗಾಳಿಯ ಎಳೆತ ಸೋರಿಹೋಗಿ ಸ್ಪ್ರಿಂಗು ರ‍್ಯಾಕನ್ನು ಪೂರ್ತಿ ಡೀಸೆಲ್ಲಿನ ಕಡೆಗೇ ದೂಡುತ್ತದೆ. ಆದ್ದರಿಂದ ಶುರು ಮಾಡುವ ಮೊದಲು ರ‍್ಯಾಕ್ ಬೆರಳಿಗೆ ಸಲೀಸಾಗಿ ಆಡುತ್ತದೆಯೇ ನೋಡಿ. ಮೊದಲ ಸಲ ಶುರು ಮಾಡುವಾಗ ಏರ್ ಕ್ಲೀನರ್ ಬಿಚ್ಚಿಟ್ಟು, ಗಾಳಿ ಒಳಹೋಗುವ ಬಾಯಿಯ ಪಕ್ಕ ದಪ್ಪ ಹಲಗೆ ಹಿಡಿದು ಒಬ್ಬರು ನಿಲ್ಲಲಿ. ಇಂಜಿನ್ ಕೈಮೀರಿದರೆ ಆ ಬಾಯಿಯನ್ನು ಹಲಗೆಯಿಂದ ಮುಚ್ಚಬೇಕು. ಗಾಳಿಯಿಲ್ಲದೆ ಯಾವ ಡೀಸೆಲ್ಲೂ ಉರಿಯದು. ಅಂಗೈ ಇಟ್ಟು ಮುಚ್ಚಲು ಮಾತ್ರ ಯಾರನ್ನೂ ಬಿಡಬೇಡಿ.

ಚಕ್ರಗಳ ವಿಷಯದಲ್ಲಿ ಇದಕ್ಕಿಂತ ಎಚ್ಚರ ಬೇಕು. ಹಳೆಯ 20 ಇಂಚಿನ ಡಿಸ್ಕುಗಳಲ್ಲಿ ಟೈರನ್ನು ಹಿಡಿದಿಡುವುದು ಒಂದು ಲಾಕ್ ರಿಂಗ್. ತುಕ್ಕು ತಿಂದ ರಿಂಗು ಗಾಳಿ ತುಂಬುವಾಗ ಸಿಡಿದು ಜೀವ ತೆಗೆದದ್ದುಂಟು. ಕಬ್ಬಿಣದ ಪಂಜರವಿರುವ ಪಂಚರ್ ಅಂಗಡಿಯಲ್ಲೇ ಗಾಳಿ ಹಾಕಿಸಿ, ರಿಂಗಿನ ಎದುರಿಗೆ ಯಾರೂ ನಿಲ್ಲಬಾರದು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ. ಡ್ರಮ್ಮಿನ ದೂಳನ್ನು ಏರ್ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಇಷ್ಟೆಲ್ಲ ಮಾಡಿ ಎಬ್ಬಿಸಿದ ಲಾರಿಗೆ ರಸ್ತೆಯಲ್ಲಿ ಜಾಗವಿದೆಯೇ? ಇಲ್ಲಿ ನನಗೆ ನಿಜವಾಗಿ ನೋವಾಗುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಟ್ಟಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪ ಉಳಿದಿರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ 'ವಿಎ' ಎಂಬ ಗುರುತು. ಒಳ್ಳೆಯ ನಿಯಮವೇ. ಆದರೆ ಅದು ಸ್ವಂತ ಬಳಕೆಯ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ. ಅರಮನೆಯ ಕಾರಿಗೆ ಮನ್ನಣೆ ಸಿಕ್ಕಿತು. ಅಣೆಕಟ್ಟೆಗೆ ಸಿಮೆಂಟು, ಊರಿಗೆ ಅಕ್ಕಿ ಹೊತ್ತ ಆರು ಚಕ್ರದ ಗಾಡಿ ಹೊರಗುಳಿಯಿತು. ಮೂಲರೂಪ ಎಂಬ ಷರತ್ತೂ ಕಾರನ್ನು ನೋಡಿ ಬರೆದದ್ದು. ಬಡಗಿ ಕಟ್ಟಿದ ಕ್ಯಾಬಿನ್ನನ್ನು ಯಾವ ಕಂಪನಿಯ ನಕ್ಷೆಯೊಂದಿಗೆ ಹೋಲಿಸಿ ನೋಡುತ್ತಾರೆ? ಸರಕು ವಾಹನಗಳಿಗೆ ಬೇರೆಯೇ ನಿಯಮ ಬೇಕು. ಭಾರ ಹೊರಿಸುವುದಿಲ್ಲ, ವರ್ಷಕ್ಕೆ ಇಂತಿಷ್ಟು ದಿನ ಮಾತ್ರ ರಸ್ತೆಗಿಳಿಸುತ್ತೇವೆ ಎಂಬ ಷರತ್ತಿಗೆ ನಮ್ಮಲ್ಲಿ ಯಾರೂ ತಕರಾರು ಮಾಡುವುದಿಲ್ಲ.

ಬ್ರಿಟನ್ನಿನಲ್ಲಿ ದುಡಿದ ಗಾಡಿಗಳಿಗೂ ಮನ್ನಣೆ ಸಿಕ್ಕಿ ಎಷ್ಟೋ ಕಾಲವಾಯಿತು. ಹಳೆಯ ಲಾರಿ, ಬಸ್ಸುಗಳು ಲಂಡನ್ನಿನಿಂದ ಬ್ರೈಟನ್ನಿಗೆ ಸಾಗುವ ಓಟ ಶುರುವಾದದ್ದು 1962ರಲ್ಲಿ. ನಮ್ಮ ಕಾಮೆಟ್ಟಿನ ತವರಾದ ಲೇಲ್ಯಾಂಡ್ ಪಟ್ಟಣದಲ್ಲಿ ವಾಣಿಜ್ಯ ವಾಹನಗಳಿಗೆಂದೇ ಒಂದು ಮ್ಯೂಸಿಯಂ ಇದೆ. ನಮ್ಮಲ್ಲಿ ಸದ್ಯಕ್ಕೆ ಇರುವ ದಾರಿ ಎಂದರೆ ತೋಟದೊಳಗೆ ಓಡಿಸುವುದು, ಪ್ರದರ್ಶನಕ್ಕೆ ಟ್ರೈಲರಿನ ಮೇಲೆ ಒಯ್ಯುವುದು. ನಂಬರ್ ಪ್ಲೇಟಿನಲ್ಲಿ ಮೈಸೂರು ರಾಜ್ಯದ 'ಎಂವೈ' ಅಕ್ಷರಗಳಿದ್ದರೆ ಅದನ್ನೂ, ನೋಂದಣಿ ಪುಸ್ತಕವನ್ನೂ, ಹಳೆಯ ಪರ್ಮಿಟ್ ಚೀಟಿಗಳನ್ನೂ ಜೋಪಾನವಾಗಿಡಿ. ನಿಯಮ ಬದಲಾದ ದಿನ ಆ ಕಾಗದಗಳೇ ಸಾಕ್ಷಿ.

ಬಣ್ಣದ ಕೆಲಸ ಕೊನೆಗೆ ಬರಲಿ. ಹಳೆಯ ಬಣ್ಣವನ್ನು ಒಂದೇ ಸಲ ಕೆರೆದು ಹಾಕಬೇಡಿ. ಬಾಗಿಲಿನ ಒಳಮೂಲೆಯಲ್ಲಿ ಅಂಗೈಯಗಲ ಜಾಗವನ್ನು ನೀರು ಕಾಗದದಿಂದ ಮೆಲ್ಲಗೆ ಉಜ್ಜುತ್ತ ಹೋದರೆ ಒಂದರ ಕೆಳಗೊಂದು ಪದರ ಏಳುತ್ತದೆ. ಪ್ರತಿಯೊಂದರ ಫೋಟೊ ತೆಗೆದುಕೊಳ್ಳಿ. ತಲೆಹಲಗೆಯ ಅಕ್ಷರಗಳ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಗೆರೆ ಎತ್ತಿಕೊಳ್ಳಿ. ಸ್ಟಿಕ್ಕರ್ ಮಾತ್ರ ಬೇಡ. ಕುಂಚ ಹಿಡಿದು ಕನ್ನಡ ಅಕ್ಷರ ಬರೆಯುವ ಪೇಂಟರುಗಳು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಹುಡುಕಿದರೆ ಸಿಗುತ್ತಾರೆ, ಅವರಿಗೂ ಇಂಥ ಕೆಲಸ ಬಂದು ಕಾಲವಾಗಿರುತ್ತದೆ.

ಇನ್ನು ಓಡಿಸುವುದು. ಸಿಂಕ್ರೋಮೆಶ್ ಇಲ್ಲದ ಗೇರ್‌ಬಾಕ್ಸಾದರೆ ಕ್ಲಚ್ಚನ್ನು ಎರಡು ಸಲ ತುಳಿಯಬೇಕು. ಗೇರ್ ಇಳಿಸುವಾಗ ನಡುವೆ ನ್ಯೂಟ್ರಲ್ಲಿನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹಲ್ಲುಗಳ ವೇಗ ಕೂಡಿಸಬೇಕು. ಎಷ್ಟು ಕೊಡಬೇಕು ಎನ್ನುವುದನ್ನು ಇಂಜಿನ್ನಿನ ಸದ್ದು ಕೇಳಿಯೇ ಕಲಿಯಬೇಕು, ಅದನ್ನು ಕಲಿಸಬಲ್ಲವರು ಆ ಲಾರಿಗಳನ್ನು ಘಾಟಿಯಲ್ಲಿ ಓಡಿಸಿದ ಡ್ರೈವರುಗಳು. ನಿಮ್ಮ ತಂದೆಯವರ ಡ್ರೈವರ್ ಈಗಲೂ ಅದೇ ಊರಲ್ಲಿದ್ದಾರೆ, ವಯಸ್ಸು ಎಂಬತ್ತು ದಾಟಿದೆ ಎಂದು ಬರೆದಿದ್ದೀರಿ. ಮೆಕ್ಯಾನಿಕ್ಕನ್ನು ಹುಡುಕುವ ಮೊದಲು ಅವರನ್ನು ಶೆಡ್ಡಿಗೆ ಕರೆದುಕೊಂಡು ಬನ್ನಿ. ಯಾವ ಬ್ಲೇಡು ಯಾವಾಗ ಹಾಕಿಸಿದ್ದು, ಪಂಪು ಎಲ್ಲಿ ಬಿಚ್ಚಿಸಿದ್ದು, ಬಾನೆಟ್ಟು ಮೊದಲು ಯಾವ ಬಣ್ಣದ್ದಿತ್ತು ಎಂದು ಕೇಳಿ ಎಲ್ಲವನ್ನೂ ಬರೆದುಕೊಳ್ಳಿ. ಯಾವ ವರ್ಷದ ರೂಪಕ್ಕೆ ತರಬೇಕೆಂಬುದನ್ನೂ ಅವರನ್ನೇ ಕೇಳಿ.