ಅಜ್ಜಿಯ ಜಪಮಾಲೆ

ಮಂಗಳೂರು ಕಡೆಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಸಂಜೆಯ ಗಡಿಯಾರವೆಂದರೆ ತೇರ್ಸ್. ಆಲ್ತಾರಿನ, ಅಂದರೆ ದೇವರ ಪೀಠದ, ಮುಂದೆ ಮೊಣಕಾಲೂರಿ ಮನೆಮಂದಿಯೆಲ್ಲ ಹೇಳುವ ಜಪಸರ ಅದು. ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು. ನಮ್ಮಲ್ಲಿ ಇದರ ಯಜಮಾನಿಕೆ ಅಜ್ಜಿಯದೇ.

ಅವರ ಮಾಲೆಯಲ್ಲಿ 59 ಮಣಿ. ಬೆರಳು ಮಣಿ ಸರಿಸುತ್ತದೆ, ಬಾಯಿ ಮರಿಯಮ್ಮನನ್ನು ಕರೆಯುತ್ತದೆ, ಮನಸ್ಸು ಯೇಸುವಿನ ಬದುಕಿನ ಒಂದು ಘಟ್ಟದಲ್ಲಿ, ಅಂದರೆ ಒಂದು ‘ರಹಸ್ಯ’ದಲ್ಲಿ, ನಿಲ್ಲಬೇಕು. ಅಜ್ಜಿಗೆ ಇಷ್ಟರ ನಡುವೆಯೂ ಒಲೆಯ ಮೇಲಿನ ಗಂಜಿ, ತೂಕಡಿಸುವ ಮೊಮ್ಮಗ ಎರಡೂ ಕಾಣುತ್ತಿದ್ದವು. ಅದನ್ನು ಭಕ್ತಿಯ ಕೊರತೆ ಎನ್ನುವವರು ಎಂದೂ ಸಂಸಾರ ತೂಗಿಸಿದವರಲ್ಲ.

ಅವರು ಹುಟ್ಟಿದ ಕಾಲಕ್ಕೆ ಇಗರ್ಜಿಯ ಪೂಜೆ ಲ್ಯಾಟಿನ್‌ನಲ್ಲಿತ್ತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಅದು ಕೊಂಕಣಿಗೆ ಬಂತು. ಮನೆಯ ತೇರ್ಸ್ ಮಾತ್ರ ಮೊದಲಿಂದಲೂ ಅವರ ಮಾತಿನಲ್ಲೇ ಇತ್ತು. ಪಾದ್ರಿಗಳಿಗಿಂತ ನಾವೇ ಮುಂದೆ ಎಂದು ಅವರು ಬೀಗುತ್ತಿದ್ದದ್ದು ಸುಳ್ಳೇನಲ್ಲ.

2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಜಪಸರದ ಹಳೆಯ 15 ರಹಸ್ಯಗಳಿಗೆ ಬೆಳಕಿನ 5 ರಹಸ್ಯಗಳನ್ನು ಸೇರಿಸಿದರು. ಇಳಿವಯಸ್ಸಿನಲ್ಲಿ ಹೊಸ ಪಾಠ! ಮೊಮ್ಮಗಳಿಂದ ಓದಿಸಿಕೊಂಡೇ ಕಲಿತರು. ಅವುಗಳಲ್ಲಿ ಕಾನಾ ಊರಿನ ಮದುವೆಯ ಪ್ರಸಂಗ ಅವರಿಗೆ ಬಲು ಇಷ್ಟ. “ದ್ರಾಕ್ಷಾರಸ ಮುಗಿದದ್ದು ಅಷ್ಟು ಗಂಡಸರಲ್ಲಿ ಒಬ್ಬನಿಗೂ ಕಾಣಲಿಲ್ಲ ನೋಡು, ತಾಯಿ ಮರಿಯಮ್ಮನಿಗೇ ಕಂಡದ್ದು. ಇದನ್ನು ಸೇರಿಸಲಿಕ್ಕೆ ಇಷ್ಟು ವರ್ಷ ಬೇಕಿತ್ತಾ ಇವರಿಗೆ?” ಎನ್ನುತ್ತಿದ್ದರು.