ದೋಆಬ್ ಅಂದ್ರೆ ಬರೀ ಯುದ್ಧಭೂಮಿನಾ?

ರಾಯಚೂರು ದೋಆಬ್ ಅಂದ ಕೂಡಲೇ ನಮ್ಮ ಬಾಯಿಗೆ ಬರೋದು ಶಾಲೆಯ ಅದೇ ಹಳೇ ವಾಕ್ಯ: ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಫಲವತ್ತಾದ ನೆಲ, ಇದಕ್ಕಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ಇನ್ನೂರು ವರ್ಷ ಬಡಿದಾಡಿದರು. ಎರಡು ಅಂಕದ ಪ್ರಶ್ನೆ. ಉತ್ತರ ಬರೆದು ಮುಂದೆ ಹೋದೆವು. ಫಲವತ್ತಾದ ಅಂದ್ರೆ ಏನು, ಅಲ್ಲಿ ಯಾರು ಏನು ಬೆಳೀತಿದ್ರು, ನೀರು ಎಲ್ಲಿಂದ ಬರ್ತಿತ್ತು ಅಂತ ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರಲ್ಲಿ ಪ್ರಕಟಿಸಿದ ‘ಪವರ್, ಮೆಮೊರಿ, ಆರ್ಕಿಟೆಕ್ಚರ್’ ಓದುವಾಗ ನನಗೆ ಈ ಪ್ರಶ್ನೆ ಮತ್ತೆ ಕಾಡಿತು. ಒಳ್ಳೆಯ ಪುಸ್ತಕ, ಅನುಮಾನವೇ ಬೇಡ. ದಖ್ಖನಿನ ಇತಿಹಾಸವನ್ನು ಹಿಂದೂ-ಮುಸ್ಲಿಂ ಜಗಳದ ಚೌಕಟ್ಟಿನಿಂದ ಬಿಡಿಸಿ ಕಲ್ಯಾಣ, ರಾಯಚೂರು, ವಾರಂಗಲ್‌ಗಳ ಕಲ್ಲುಗಳ ಮೂಲಕ ಓದುತ್ತಾರೆ. ವಿಜಯನಗರದ ರಾಮರಾಯನೂ ಬಿಜಾಪುರದ ಆದಿಲ್ ಶಾಹಿಗಳೂ ಹಳೆಯ ಕಲ್ಯಾಣ ಚಾಲುಕ್ಯರ ವಾರಸುದಾರಿಕೆಗೆ ಹೇಗೆ ಆಸೆಪಟ್ಟರು, ಚಾಲುಕ್ಯರ ಕಂಬಗಳನ್ನು, ಕಲ್ಲುಗಳನ್ನು ಹೇಗೆ ಎತ್ತಿ ತಂದು ತಮ್ಮ ಕಟ್ಟಡಗಳಲ್ಲಿ ಕೂರಿಸಿಕೊಂಡರು ಅನ್ನೋ ಭಾಗ ಬಹಳ ಚೆನ್ನಾಗಿದೆ. ತೋಪು ಬಂದ ಮೇಲೆ ಕೋಟೆಯ ಬುರುಜುಗಳು ಹೇಗೆ ಬದಲಾದವು ಅಂತ ಇವರಿಬ್ಬರು ಬರೆದದ್ದನ್ನು ಓದಿಕೊಂಡರೆ, ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆ ಮುಂದೆ ನಿಂತು ಬರೀ ಸೆಲ್ಫಿ ತಗೊಂಡು ಬರೋದು ಕಷ್ಟ.

ನನ್ನ ತಕರಾರು ಒಂದೇ. ಈ ಪುಸ್ತಕ ಕೋಟೆ ಬಾಗಿಲು ದಾಟಿ ಹೊಲಕ್ಕೆ ಇಳಿಯೋದು ಬಹಳ ಕಮ್ಮಿ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನ ಇರುವ ಭಾರಿ ಉದ್ದನೆಯ ಕಲ್ಲೊಂದಿದೆ. ಅದನ್ನು ಗಾಡಿ ಮೇಲೆ ಹೇರಿ, ಸಾಲುಸಾಲು ಪ್ರಾಣಿಗಳನ್ನು ಕಟ್ಟಿ ಎಳೆದು ತರುತ್ತಿರುವ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಎಲ್ಲರೂ ಕಲ್ಲಿನ ಉದ್ದ ಅಳೀತಾರೆ. ಗಾಡಿ ಎಳೆದ ಪ್ರಾಣಿಗಳು ಎಲ್ಲಿ ಮೇಯ್ತಿದ್ವು, ಎಳೆಸಿದವರು ಯಾವ ಹೊಲದ ಜೋಳ ಉಂಡರು ಅನ್ನೋದಕ್ಕೆ ಇಷ್ಟು ದಪ್ಪ ಪುಸ್ತಕದಲ್ಲೂ ಜಾಗ ಇಲ್ಲ.

ಇನ್ನು ಮಸ್ಕಿಗೆ ಬನ್ನಿ. ಅಲ್ಲಿಯ ಕಥೆ ಇನ್ನೂ ವಿಚಿತ್ರ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಕಣ್ಣಿಗೆ ಬಿದ್ದ ಬಂಡೆಶಾಸನದಲ್ಲಿ ‘ಅಶೋಕ’ ಅನ್ನುವ ಹೆಸರೇ ಇತ್ತು. ದೇವಾನಾಂಪ್ರಿಯ ಯಾರು ಅನ್ನೋ ಚರ್ಚೆ ಅಲ್ಲಿಗೆ ಇತ್ಯರ್ಥ ಆಯಿತು. ದೊಡ್ಡ ವಿಷಯವೇ. ಆದರೆ ಅಂದಿನಿಂದ ಮಸ್ಕಿ ಅಂದ್ರೆ ಆ ಒಂದು ಬಂಡೆ. ಕೆಪಿಎಸ್‌ಸಿ ಗೈಡುಗಳಲ್ಲಂತೂ ಮಸ್ಕಿ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಹುಟ್ಟಿ ಅವತ್ತೇ ತೀರಿಕೊಂಡ ಊರು. ಅದೇ ಊರು ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಪಿರಿಯ ಮೊಸಂಗಿ’, ಅಂದರೆ ಹಿರಿಯ ಮೊಸಂಗಿ. ರಾಜೇಂದ್ರ ಚೋಳನಿಗೂ ಚಾಲುಕ್ಯ ಜಯಸಿಂಹನಿಗೂ ಮುಸಂಗಿಯಲ್ಲಿ ನಡೆದ ಕಾಳಗವನ್ನು ಇಲ್ಲೇ ಗುರುತಿಸುವ ಇತಿಹಾಸಕಾರರೂ ಇದ್ದಾರೆ. (ಮತ್ತೆ ಯುದ್ಧವೇ ಬಂತು ನೋಡಿ. ತಪ್ಪಿಸಿಕೊಳ್ಳೋಕೆ ಆಗಲ್ಲ.)

ಆ ಕಾಲದ ಕನ್ನಡ ದಾನಶಾಸನಗಳಲ್ಲಿ ರಾಜನ ಬಿರುದುಗಳ ಉದ್ದ ಸಾಲು ಮುಗಿದ ಮೇಲೆ ಬರೋ ಭಾಗವನ್ನು ನಾವು ಸಾಮಾನ್ಯವಾಗಿ ಹಾರಿಸಿಬಿಡ್ತೀವಿ. ನನಗೆ ಇಷ್ಟ ಅದೇ ಭಾಗ. ಇಷ್ಟು ಮತ್ತರು ಎರೆ, ಇಷ್ಟು ತೋಟ, ಮೂಡಲಿಗೆ ಹಳ್ಳ, ತೆಂಕಲಿಗೆ ನಟ್ಟ ಕಲ್ಲು, ಆ ಊರಿಗೆ ಹೋಗೋ ದಾರಿ, ಕೆರೆಯ ಕೋಡಿ. ಒಬ್ಬ ಶಾನುಭೋಗನ ಕಣ್ಣಿಂದ ನೋಡಿದ ಹಾಗೆ ನೆಲ ಬಿಚ್ಚಿಕೊಳ್ಳುತ್ತೆ. ‘ಎರೆ’ ಅನ್ನೋ ಪದ ಇವತ್ತಿಗೂ ಲಿಂಗಸುಗೂರಿನ ರೈತರ ಬಾಯಲ್ಲಿ ‘ಎರಿ ಹೊಲ’ ಆಗಿ ಉಳಿದಿದೆ. ಒಂದು ಮಳೆಯ ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು ಹಿಂಗಾರಿ ಜೋಳ, ಕಡಲೆ ಬೆಳೆಸುವ ಕಪ್ಪು ಮಣ್ಣು. ಪಠ್ಯಪುಸ್ತಕದ ‘ಫಲವತ್ತು’ ಬಹುಮಟ್ಟಿಗೆ ಇದೇ ಇರಬೇಕು ಅಂತ ನನ್ನ ಅನಿಸಿಕೆ. ಆದರೆ ಇವತ್ತು ಸಿಂಧನೂರಿನ ಹಸಿರು ನೋಡಿದವರು ಕೃಷ್ಣದೇವರಾಯ ಭತ್ತದ ಗದ್ದೆಗಾಗಿ ದಂಡೆತ್ತಿ ಬಂದ ಅಂತ ಅಂದುಕೊಳ್ತಾರೆ. ಆ ಹಸಿರು ಅಷ್ಟೇನೂ ಹಳೆಯದಲ್ಲ. ಹಂಪಿ, ಆನೆಗೊಂದಿ ಸುತ್ತ ವಿಜಯನಗರ ಕಾಲದ ಕಾಲುವೆಗಳು ಇವತ್ತೂ ಹರೀತಿವೆ, ನಿಜ. ಅವು ನದಿ ಪಕ್ಕದ ತಗ್ಗಿನ ನೆಲಕ್ಕೆ. ಸಿಂಧನೂರಿನ ಬಯಲಿಗೆ ನೀರು ತಂದದ್ದು 1953ರ ಅಣೆಕಟ್ಟಿನ ತುಂಗಭದ್ರಾ ಎಡದಂಡೆ ಕಾಲುವೆ.

ಪೀಟರ್ ಜೋಹಾನ್ಸೆನ್ ಮತ್ತು ಆಂಡ್ರ್ಯೂ ಬಾವರ್ ಅವರ ತಂಡ 2010ರಿಂದ ಮಸ್ಕಿ ಸುತ್ತ ಮಾಡುತ್ತಿರುವ ಕೆಲಸ ನನಗೆ ಮುಖ್ಯ ಅನ್ನಿಸೋದು ಈ ಹಿನ್ನೆಲೆಯಲ್ಲೇ. ಒಂದು ಬಂಡೆ, ಒಂದು ಕೋಟೆ ಅಂತ ಹಿಡಿಯದೆ ಇಡೀ ಬಯಲನ್ನು ಸಾಲಾಗಿ ನಡೆದು, ಮಡಕೆ ಚೂರು, ಕಬ್ಬಿಣದ ಕಿಟ್ಟ, ಮುರಿದ ಗೋಡೆ ಎಲ್ಲ ದಾಖಲಿಸೋದು. ನವಶಿಲಾಯುಗದಿಂದ ಮಧ್ಯಯುಗದವರೆಗೆ ಎಲ್ಲ ಕಾಲಕ್ಕೂ ಒಂದೇ ಮರ್ಯಾದೆ. ಬೋರಿಂಗ್ ಕೆಲಸ, ಆದರೆ ಹೊಲದ ಪ್ರಶ್ನೆಗೆ ಉತ್ತರ ಸಿಕ್ಕರೆ ಇಲ್ಲೇ ಸಿಗಬೇಕು.

ಒಂದು ಉದಾಹರಣೆ ಹೇಳ್ತೀನಿ. ಊರಿಂದ ದೂರದ ಹೊಲದಲ್ಲಿ ಸಣ್ಣಸಣ್ಣ, ಅಂಚು ಸವೆದ ಮಡಕೆ ಚೂರುಗಳು ತೆಳ್ಳಗೆ ಹರಡಿಕೊಂಡಿದ್ದರೆ ಅಲ್ಲಿ ಮನೆ ಇತ್ತು ಅಂತಲೇ ಅರ್ಥ ಅಲ್ಲ. ಮನೆಯ ಕಸ, ಬೂದಿ, ಸಗಣಿ ಎಲ್ಲ ತಿಪ್ಪೆಗೆ, ತಿಪ್ಪೆ ಗೊಬ್ಬರ ಹೊಲಕ್ಕೆ. ಒಡೆದ ಮಡಕೆಯೂ ಅದರ ಜೊತೆಗೇ ಹೋಗಿರುತ್ತೆ. ಪಶ್ಚಿಮ ಏಷ್ಯಾದಲ್ಲಿ, ಇಂಗ್ಲೆಂಡಿನಲ್ಲಿ ಪುರಾತತ್ವದವರು ಇಂಥ ಚೂರು ಎಣಿಸಿಯೇ ಯಾವ ನೆಲಕ್ಕೆ ಎಷ್ಟು ಗೊಬ್ಬರ ಬಿತ್ತು, ಜನ ಯಾವ ಹೊಲವನ್ನು ಹೆಚ್ಚು ಆರೈಕೆ ಮಾಡಿದರು ಅಂತ ಲೆಕ್ಕ ಹಾಕಿದ್ದಾರೆ. ನಮ್ಮಲ್ಲಿ ಇನ್ನೊಂದು ತೊಡಕು. ಹಾಳೂರು ದಿಬ್ಬದ ಮಣ್ಣು ಒಳ್ಳೆ ಗೊಬ್ಬರ ಅಂತ ರೈತರು ಗಾಡಿಗಟ್ಟಲೆ ಹೇರಿಕೊಂಡು ಹೋಗಿ ಹೊಲಕ್ಕೆ ಹಾಕ್ತಾರೆ. ಹಾಗಾಗಿ ಹೊಲದಲ್ಲಿ ಸಿಕ್ಕ ಚೂರು ಯಾರು, ಯಾವಾಗ ತಂದದ್ದು ಅಂತ ಹೇಳೋಕೆ ಚೂರು ನೋಡಿದರೆ ಸಾಲದು, ಹೊಲದ ಮಾಲೀಕರನ್ನೂ ಮಾತಾಡಿಸಬೇಕು.

ಕಂದಾಯ ಇಲಾಖೆಯಲ್ಲಿ ‘ಬೇಚರಾಕ್ ಗ್ರಾಮ’ ಅನ್ನೋ ಪದ ಇದೆ, ಗೊತ್ತಾ? ಪಾರ್ಸಿಯ ಬೇ-ಚಿರಾಗ್, ದೀಪ ಇಲ್ಲದ್ದು. ದಾಖಲೆಯಲ್ಲಿ ಊರು, ಗಡಿ, ಸರ್ವೆ ನಂಬರ್ ಎಲ್ಲ ಇದೆ, ದೀಪ ಹಚ್ಚೋ ಮನೆ ಒಂದೂ ಇಲ್ಲ. ಎಲ್ಲ ಬೇಚರಾಕ್ ಊರೂ ಮಧ್ಯಯುಗದ್ದಲ್ಲ. ಪ್ಲೇಗು, ಬರ, ಅಣೆಕಟ್ಟಿಗೆ ಖಾಲಿಯಾದವೂ ಇವೆ. ಆದರೂ ಸುಲ್ತಾನರಿಗೆ ಒಂದು ಪುಸ್ತಕ ಬರೆಯುವವರು ಈ ಊರುಗಳಿಗೆ ಒಂದು ಅಧ್ಯಾಯವಾದರೂ ಕೊಡಬಾರದಾ?

ನನಗೆ ತಳಮಳ ಆಗೋದು ಬೇರೆ ಕಾರಣಕ್ಕೆ. ಸಿಂಧನೂರು ಕಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಇಲ್ಲೇ ನೆಲೆ ಸಿಕ್ಕಿತು. ಭತ್ತಕ್ಕೆ ನೀರು ನಿಲ್ಲಬೇಕು, ನೀರು ನಿಲ್ಲೋಕೆ ನೆಲ ಸಮತಟ್ಟಾಗಬೇಕು. ದಿಬ್ಬ ಹೋಯಿತು, ಹಳೇ ಒಡ್ಡು ಹೋಯಿತು. ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ನೆಲದಲ್ಲಿ ಇವು ಎಷ್ಟೋ ಕಡೆ ಇನ್ನೂ ಉಳಿದಿವೆ. ಹಾಗಾಗಿ ನಕ್ಷೆಯಲ್ಲಿ ಚುಕ್ಕಿ ಹೆಚ್ಚಿರೋ ಕಡೆ ಹಿಂದೆ ಜನ ಹೆಚ್ಚಿದ್ದರು ಅಂತ ಓದೋದು ತಪ್ಪಾಗುತ್ತೆ. ಅದು ನೀರು ಬಾರದ ಜಾಗದ ನಕ್ಷೆಯೂ ಹೌದು.

ಆ ನೀರಿಗಾಗಿ ಮಸ್ಕಿ ತಾಲೂಕಿನ ರೈತರು 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕೂತರು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ. ತಿಂಗಳುಗಟ್ಟಲೆ ಕೂತರು. 2021ರ ಉಪಚುನಾವಣೆಯಲ್ಲಿ ಅದೇ ದೊಡ್ಡ ವಿಷಯ. ಬೆಂಗಳೂರಿನ ಫ್ಲಾಟಿನಲ್ಲಿ ಕೂತು, ‘ಅಯ್ಯೋ, ಮಧ್ಯಯುಗದ ಕುರುಹು ಹಾಳಾಗುತ್ತೆ, ಕಾಲುವೆ ಬೇಡ’ ಅನ್ನೋಕೆ ನನಗಂತೂ ಬಾಯಿ ಬರಲ್ಲ. ಅವರ ಹೊಲ ನಮ್ಮ ಮ್ಯೂಸಿಯಂ ಅಲ್ಲ.

ಆದರೆ ಕಾಲುವೆ ತೋಡೋ ಮುಂಚೆ ಇಂಜಿನಿಯರುಗಳು ಹೇಗೂ ಇಡೀ ನೆಲದ ಮಟ್ಟ ಅಳೀತಾರೆ. ಅವರ ಜೀಪಿನಲ್ಲೇ ಒಂದಿಬ್ಬರು ಪುರಾತತ್ವದ ವಿದ್ಯಾರ್ಥಿಗಳು, ಕೈಯಲ್ಲಿ ಹಳೇ ಗ್ರಾಮನಕ್ಷೆ ಮತ್ತು ಜಿಪಿಎಸ್ ಇರೋ ಫೋನ್ ಇಟ್ಟುಕೊಂಡು ಹೋದರೆ ಎಷ್ಟು ಖರ್ಚು? ಸಿಂಧನೂರಲ್ಲಿ ಕೆಲಸ ಇನ್ನೂ ತುರ್ತು. ಅಲ್ಲಿ ನೆಲ ಮಾತಾಡಲ್ಲ, ಜನರನ್ನೇ ಕೇಳಬೇಕು: ಯಾವ ಗದ್ದೆಯಲ್ಲಿ ದಿಬ್ಬ ಇತ್ತು, ಯಾವ ಕಲ್ಲನ್ನು ಎತ್ತಿ ಬದುವಿಗೆ ಹಾಕಿದರು, ಹಳೇ ಕೆರೆ ಏರಿ ಎಲ್ಲಿ ಮುಗೀತಿತ್ತು. ಮೊದಲ ಸಲ ಆ ನೆಲ ಸಮ ಮಾಡಿದವರಲ್ಲಿ ಉಳಿದಿರೋರಿಗೆ ಈಗ ಎಂಬತ್ತು ದಾಟಿದೆ.